ಎರಡನೆಯ ಬೊಟ್ಟು

ಮೊಮ್ಮಗಳಿಗೆ ಹೆಸರಿಟ್ಟ ದಿನ ಅವಳ ಎಡಗೆನ್ನೆಗೆ ದೃಷ್ಟಿಬೊಟ್ಟು ಇಟ್ಟವಳು ನಾನು. ಬರೀ ಗಂಡುಮಕ್ಕಳೇ ಹುಟ್ಟಿದ ನಮ್ಮ ಮನೆಗೆ ಇವಳು ಮೊದಲ ಹೆಣ್ಣುಕೂಸು. ಆ ದಿನ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೆ, 'ನಮ್ಮ ಪಾಪುಗೆ ಇವತ್ತು ಹೆಸರಿಡ್ತೀವಪ್ಪ' ಅಂತ. ಅವನೇನೂ ವಿಚಾರಿಸಿರಲಿಲ್ಲ.

ನಾಮಕರಣ ನಡೆದದ್ದು ಸೊಸೆಯ ತವರಿನಲ್ಲಿ. ಫೋಟೋ ತೆಗೆದವನು ಅದೇ ಬೀದಿಯ ಸ್ಟುಡಿಯೋದವನು. ನಾಲ್ಕು ದಿನದ ಮೇಲೆ ಮಗ ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದ. ನಡುಮನೆಯಲ್ಲಿ ತೆಗೆದದ್ದರಲ್ಲಿ ಕೂಸು ನನ್ನ ಮಡಿಲಲ್ಲಿದೆ, ಕೆನ್ನೆಯ ಮೇಲೆ ನನ್ನ ಬೊಟ್ಟು. ಮಾಳಿಗೆಯ ಮೇಲೆ ಬಿಸಿಲಲ್ಲಿ ತೆಗೆದದ್ದರಲ್ಲಿ ಬೀಗಿತ್ತಿ ಎತ್ತಿಕೊಂಡಿದ್ದಾಳೆ. ಕೆನ್ನೆಯ ಬೊಟ್ಟು ಹಾಗೇ ಇದೆ. ಆದರೆ ಹಣೆಯಲ್ಲಿ, ಬಲಹುಬ್ಬಿನ ಮೇಲೆ ಇನ್ನೊಂದು ಚುಕ್ಕೆ!

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಬಹಳ ವರ್ಷ ರೇಷ್ಮೆಹುಳು ಸಾಕಿದ ಕಣ್ಣು ಇದು. ತಟ್ಟೆ ತುಂಬ ಬೆಳ್ಳಗೆ ಹರಿದಾಡುವ ಹುಳುಗಳಲ್ಲಿ ಒಂದರ ಮೈಮೇಲೆ ಸಾಸಿವೆಯಷ್ಟು ಕಪ್ಪು ಕಂಡರೂ ಕೈ ಅಲ್ಲೇ ನಿಲ್ಲುತ್ತದೆ. ಕಪ್ಪು ಅಂದರೆ ರೋಗ, ತಾನಾಗಿ ಬರುವುದಿಲ್ಲ, ಯಾರೋ ತಂದಿರುತ್ತಾರೆ. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ ನೋಡಿದೆ. ನನ್ನ ಬೊಟ್ಟು ದುಂಡಗೆ, ಕರ್ರಗೆ ಇತ್ತು. ಇದು ಬೂದಿ ಬಣ್ಣ, ಅಂಚೇ ಇಲ್ಲ. ಇಟ್ಟು, ಅವಸರದಲ್ಲಿ ಒರೆಸಿದ ಹಾಗೆ.

"ಏನೋ ಕೊಳೆ ಇರ್ಬೇಕು ಬಿಡಮ್ಮ" ಅಂದ ಮಗ.

"ನನ್ ಮಡಿಲಲ್ಲಿದ್ದಾಗ ಇಲ್ದೇ ಇರೋ ಕೊಳೆ, ನಿಮ್ಮತ್ತೆ ಮಾಳಿಗೆ ಹತ್ತಿದ ತಕ್ಷಣ ಅಂಟ್ಕೊಂಡ್ತಾ?"

ಒಂದು ಬೊಟ್ಟು ಇರುವಾಗ ಇನ್ನೊಂದು ಯಾಕೆ? ನನ್ನ ಮಡಿಲಿಂದ ಎತ್ತಿಕೊಂಡ ಮೇಲೆ ಯಾಕೆ? ಯೋಚಿಸಿದಷ್ಟೂ ಉತ್ತರ ಒಂದೇ. ಅದು ನನ್ನ ಕಣ್ಣಿಗೇ ಇಟ್ಟ ಬೊಟ್ಟು. ಅಂದು ನಾನು ಮೈಮರೆತು ಕೂಸನ್ನೇ ನೋಡುತ್ತ ಕೂತಿದ್ದು ನಿಜ. ಅಜ್ಜಿಯ ದೃಷ್ಟಿಯೇ ತಗಲೀತು ಅಂದುಕೊಂಡರಲ್ಲ!

ಬೀಗಿತ್ತಿ ಫೋನ್ ಮಾಡಿದಳು. ನನ್ನನ್ನು ಅತ್ತಿಗೆ ಅನ್ನದೆ ತೆಲುಗಿನಲ್ಲಿ ವದಿನ ಅನ್ನುವುದು ಅವಳ ರೂಢಿ. "ವದಿನಾ, ಯಾವಾಗ್ ಬರ್ತೀರಾ? ಪಾಪು ಈಗ ನಗಕ್ಕೆ ಕಲ್ತವಳೆ."

"ನೋಡಣ" ಅಂದೆ. ಅಷ್ಟೇ. ಮೂರು ವಾರ ಹೋಗಲಿಲ್ಲ. ಆ ನಗು ನೋಡುವ ಆಸೆ ದಿನದಿನಕ್ಕೂ ಹೆಚ್ಚುತ್ತಿತ್ತು. ಆದರೂ ಹೋಗಲಿಲ್ಲ.

ಆಮೇಲೆ ಮಾಳಿಗೆಯ ಫೋಟೋ ದೊಡ್ಡದು ಮಾಡಿಸಿದ್ದೇವೆ, ನೀನೇ ಹೋಗಿ ತಾ ಎಂದು ಮಗ ಬಲವಂತವಾಗಿ ಬಸ್ಸು ಹತ್ತಿಸಿದ. ನೇರ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವನು ಹೆಮ್ಮೆಯಿಂದ ಫೋಟೋ ಮುಂದಿಟ್ಟ. ನೋಡಿದರೆ ಹಣೆ ಸ್ವಚ್ಛ. ಕೆನ್ನೆಯೂ ಸ್ವಚ್ಛ!

"ನನ್ ಬೊಟ್ಟೆಲ್ಲಪ್ಪ?"

"ಅಯ್ಯೋ, ಯಾವ್ದು ಬೊಟ್ಟು, ಯಾವ್ದು ಧೂಳು ಅಂತ ನೋಡ್ಲಿಲ್ಲಮ್ಮ. ಎರಡೂ ಅಳಿಸ್ಬಿಟ್ಟೆ."

"ಅಳಿಸು ಅಂತ ಹೇಳಿದ್ಯಾರು? ನಮ್ ಬೀಗಿತ್ತೀನಾ?"

"ಯಾರೂ ಹೇಳ್ಲಿಲ್ಲ. ಕ್ಯಾಮೆರಾ ಒಳಗೆ ಸೆನ್ಸರ್ ಅಂತ ಇರುತ್ತೆ, ಚಿತ್ರ ಬೀಳೋದು ಅದ್ರ ಮೇಲೆ. ಅಲ್ಲಿ ಧೂಳು ಕೂತಿತ್ತು."

"ನಡುಮನೇಲಿ ತೆಗೆದಾಗ ಎಲ್ಲೋಗಿತ್ತು ನಿನ್ ಧೂಳು?"

ಅವನು ನಕ್ಕು ಕಂಪ್ಯೂಟರಿನಲ್ಲಿ ಮಾಳಿಗೆಯ ಫೋಟೋಗಳನ್ನೆಲ್ಲ ಸರಿಸುತ್ತ ಹೋದ. ಒಂದರಲ್ಲಿ ಚುಕ್ಕೆ ಬೀಗರ ಬಿಳಿ ಅಂಗಿಯ ಮೇಲೆ. ಇನ್ನೊಂದರಲ್ಲಿ ಬರಿಯ ಆಕಾಶದಲ್ಲಿ, ಎದ್ದು ಕಾಣುವಂತೆ. ನನ್ನ ಜರಿ ಸೀರೆಯ ಮೇಲೂ ಇದೆಯೆಂದ, ನನ್ನ ಕಣ್ಣಿಗೇ ಸಿಗಲಿಲ್ಲ. ಯಾರ ಮೇಲೇ ಬಿದ್ದಿರಲಿ, ಎಲ್ಲ ಫೋಟೋದಲ್ಲೂ ಚೌಕಟ್ಟಿನ ಅದೇ ಜಾಗ.

"ಬಿಸಿಲಲ್ಲಿ ಲೆನ್ಸಿನ ಕಿಂಡಿ ಸಣ್ಣ ಮಾಡ್ತೀವಿ, ಧೂಳು ಎದ್ದು ಕಾಣುತ್ತೆ. ಮನೆಯೊಳಗೆ ಬೆಳಕು ಕಮ್ಮಿ, ಕಿಂಡಿ ಅಗಲ ಮಾಡ್ತೀವಿ, ಕರಗೋಗುತ್ತೆ."

"ಬಾಯಲ್ಲಿ ಯಾರ್ ಬೇಕಾದ್ರೂ ಹೇಳ್ತಾರೆ. ತೆಗ್ದು ತೋರ್ಸು."

ಬೇರೆ ಕ್ಯಾಮೆರಾ ತಂದು ಮೋಸ ಮಾಡಿಯಾನೆಂದು ಅವನ ಕೈಯನ್ನೇ ನೋಡುತ್ತ ನಿಂತೆ. ಕಿಂಡಿ ಸಣ್ಣ ಮಾಡಿ ಬಿಳಿ ಗೋಡೆಯ ಫೋಟೋ ತೆಗೆದ. ಚುಕ್ಕೆ ಅಲ್ಲೇ ಇತ್ತು. ಕಿಂಡಿ ಅಗಲ ಮಾಡಿ ತೆಗೆದ. ಇಲ್ಲ. ಆಮೇಲೆ ಲೆನ್ಸು ಬಿಚ್ಚಿ, ಕ್ಯಾಮೆರಾ ಬೋರಲು ಹಿಡಿದು, ರಬ್ಬರಿನ ಬುರುಡೆಯಿಂದ ಪುಸ್ ಪುಸ್ ಅಂತ ಗಾಳಿ ಊದಿ, ಮತ್ತೆ ಕಿಂಡಿ ಸಣ್ಣ ಮಾಡಿ ತೆಗೆದ. ಗೋಡೆ ಹಾಲಿನಂತೆ ಬಿಳಿ.

"ಧೂಳು ಒಳಗ್ ಹೋಗಿದ್ ಹೆಂಗೆ?"

"ಮಾಳಿಗೆ ಮೇಲೆ ಗಾಳೀಲಿ ಲೆನ್ಸ್ ಬದಲಾಯಿಸ್ದೆ."

"ನಾವು ಹುಳು ಮನೆಗೆ ಕೈಕಾಲು ತೊಳೀದೆ ಒಬ್ರನ್ನೂ ಬಿಡಲ್ಲ. ನೀನು ಗಾಳಿಗೆ ಬಾಗ್ಲು ತೆಗೆದು ಕೂತಿದ್ಯಾ? ಎರಡು ಮನೆ ಮುರೀತಿದ್ದೆಯಲ್ಲೋ!"

ಪಾಪ, ಅವನಿಗೇನೂ ತಿಳಿಯಲಿಲ್ಲ. ಬೊಟ್ಟನ್ನು ಕಂಪ್ಯೂಟರಿನಲ್ಲಿ ವಾಪಸು ಇಡುತ್ತೇನೆ ಅಂದ. ಬೇಡವೆಂದು ಫೋಟೋ ತೆಗೆದುಕೊಂಡು ಬೀಗರ ಮನೆಗೆ ನಡೆದೆ. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ, ಅನುಮಾನ ಪಟ್ಟಿದ್ದನ್ನೂ.

ಬೀಗಿತ್ತಿ ನನ್ನ ಕೈಯಿಂದ ಫೋಟೋ ತೆಗೆದುಕೊಂಡಳು. ಆಮೇಲೆ, "ನಾನೂ ಆ ಚುಕ್ಕೆ ನೋಡಿದ್ದೆ ವದಿನಾ" ಅಂದಳು. "ನಾನು ಎತ್ಕೋತೀನಿ ಅಂತ ನೀವೇ ಇನ್ನೊಂದು ಇಟ್ಟು ಕೊಟ್ಟಿರ್ಬೇಕು ಅನ್ಕೊಂಡೆ. ನನ್ ಕಣ್ ಅಷ್ಟು ಕೆಟ್ಟದಾ ಅಂತ ಒಬ್ಳೇ ಕೂತು ಅತ್ಕೊಂಡೆ. ನೀವು ಬೇರೆ ಬರ್ಲೇ ಇಲ್ಲ, ಹೌದು ಅಂತ ಗಟ್ಟಿಯಾಯ್ತು."

ಒಳಗೆ ತೊಟ್ಟಿಲಲ್ಲಿ ಮಗು ನನ್ನ ಗಂಟಲು ಕೇಳಿ ಕೇಕೆ ಹಾಕಿತು. ಎತ್ತಿಕೊಂಡೆ. ನಕ್ಕಳು, ಬೊಚ್ಚುಬಾಯಿ ಪೂರಾ ತೆರೆದು! ಮೂರು ವಾರದ ನಗು ಒಂದೇ ಸಲಕ್ಕೆ ಸಿಕ್ಕಿತು. ನನ್ನ ಕಣ್ಣೊರೆಸುವವರು ಯಾರೂ ಇರಲಿಲ್ಲ, ಬೀಗಿತ್ತಿಯೂ ಅಳುತ್ತಿದ್ದಳು.

ಅವಳು ಕಾಡಿಗೆ ಡಬ್ಬಿ ತಂದಳು. ಫೋಟೋದ ಕೆನ್ನೆಗೆ ನಾನು ಬೊಟ್ಟಿಟ್ಟೆ. "ಈಗ ನೀವಿಡಿ" ಅಂದೆ. ಅವಳು ಹಣೆಗೆ, ಧೂಳಿದ್ದ ಜಾಗಕ್ಕೇ ಸರಿಯಾಗಿ ಇಟ್ಟಳು.

ಫ್ರೇಮು ಹಾಕಿಸಲು ಇಬ್ಬರೂ ಮಗುವನ್ನು ಎತ್ತಿಕೊಂಡು ಅಂಗಡಿಗೆ ಹೋದೆವು. ಅಂಗಡಿಯವನು ಬಟ್ಟೆ ಕೈಗೆತ್ತಿಕೊಂಡು, "ಎರಡು ಕಡೆ ಮಸಿ ಆಗಿದೆ, ಒರೆಸ್ಲಾ?" ಅಂದ.

"ಮುಟ್ಟೀಯ!" ಅಂದೆವು ಇಬ್ಬರೂ.