ಎಡಗೈ ಇಲ್ಲದವನ ನಾಲ್ಕು ಸಾಕ್ಷಿ

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು; ಎದುರಿಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ಯಾವ ರಾಸಾಯನಿಕ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆ ಎಂದು ಎಲ್ಲೆಲ್ಲೋ ನಡೆದ ಅಧ್ಯಯನಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವುದು, ಗೋಡೆಯುದ್ದದ ನಕ್ಷೆಯಲ್ಲಿ ಆ ರಾಸಾಯನಿಕವೂ ದೇಹದ ಆ ಭಾಗವೂ ಕೂಡುವ ಚೌಕದೊಳಗೆ ಒಂದೊಂದಕ್ಕೂ ಒಂದು ಚುಕ್ಕೆ ಅಂಟಿಸುವುದು. ಹಾನಿ ಕಂಡಿದ್ದರೆ ಕೆಂಪು, ಕಾಣದಿದ್ದರೆ ಹಸಿರು.

ಆ ಸೋಮವಾರ ಮರುಪರಿಶೀಲನೆಗೆ ಅವಳ ಪಾಲಿಗೆ ಬಂದದ್ದು ಬೂಟಿನ ಅಟ್ಟೆಗೆ ಬಳಿಯುವ ಅಂಟು ಮತ್ತು ನರಗಳ ಚೌಕ. ಅವಳ ಅಕ್ಕ ಹದಿನಾರು ವರ್ಷ ಅದೇ ಅಂಟು ಬಳಿದು, ಬೆರಳು ಜೋಮು ಹಿಡಿದು ಕೆಲಸ ಬಿಟ್ಟಿದ್ದಳು. ಈಗ ದಿನಾ ಬೆಳಿಗ್ಗೆ ಅಕ್ಕನ ಸ್ವೆಟರಿನ ಗುಂಡಿ ಹಾಕುವವಳು ಈ ತಂಗಿಯೇ. ಚೌಕದಲ್ಲಿ ನೋಡಿದರೆ ನಾಲ್ಕು ಚುಕ್ಕೆ, ನಾಲ್ಕೂ ಹಸಿರು! ಶುಕ್ರವಾರ ಇದನ್ನು ನೋಡಿಯೇ ಕಾರ್ಮಿಕ ಸುರಕ್ಷತಾ ಸಮಿತಿಯವರು ಬೂಟು ಕಾರ್ಖಾನೆಗಳ ಅಂಟಿನ ಕೋಣೆಗಳಿಗೆ ಎಕ್ಸಾಸ್ಟ್ ಫ್ಯಾನ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು.

ಸಿಟ್ಟಿನಲ್ಲಿ ಚುಕ್ಕೆ ಕಿತ್ತೊಗೆಯಬಹುದಿತ್ತು. ಆದರೆ ಅಕ್ಕನ ಕೈ ಅಧ್ಯಯನವಲ್ಲವಲ್ಲ! ಪಟ್ಟು ಹಿಡಿದು ಕುಳಿತು ನಾಲ್ಕನ್ನೂ ಮೊದಲಿನಿಂದ ಓದಿದಳು. ಬುಧವಾರ ಸಿಕ್ಕಿತು. ಮೊದಲನೆಯದರ ಅಡಿಟಿಪ್ಪಣಿಯಲ್ಲಿ, ನಲವತ್ತೊಂದು ವರ್ಷದ ಕಾರ್ಮಿಕನೊಬ್ಬನಿಗೆ ಎಡಗೈ ಇಲ್ಲದ್ದರಿಂದ ಬಲಗೈ ಮಾತ್ರ ಪರೀಕ್ಷಿಸಿದೆ ಎಂದಿತ್ತು. ಎರಡನೆಯದರಲ್ಲೂ ಅವನೇ. ಮೂರರಲ್ಲೂ ಅವನೇ, ನಾಲ್ಕರಲ್ಲೂ ಅವನೇ. ಉಳಿದ ಅಂಕಿಗಳೂ ಅವೇ; ಒಂದೇ ಅಧ್ಯಯನ ನಾಲ್ಕು ಹೆಸರಿನಲ್ಲಿ ಅಚ್ಚಾಗಿತ್ತು.

"ನಾಲ್ಕು ಸಾಕ್ಷಿ ಅಲ್ಲ ಸರ್. ಒಬ್ಬನೇ ನಾಲ್ಕು ಸಲ ಅಂಗಿ ಬದಲಾಯಿಸ್ಕೊಂಡು ಬಂದಿದ್ದಾನೆ," ಎಂದಳು ಮುಖ್ಯಸ್ಥರಿಗೆ.

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಕಣಮ್ಮ!"

"ಕಾಲು ಎಣಿಸೋದೇ ತಾನೆ ಸರ್ ನನ್ನ ಕೆಲಸ?"

ಅವರು ಕನ್ನಡಕ ತೆಗೆದರು. "ನಿಮ್ಮಕ್ಕ ಅದೇ ಕೆಲಸದಲ್ಲಿದ್ರು. ನಾಳೆ ಯಾರಾದ್ರೂ ಕೇಳಿದ್ರೆ?"

"ಅದಕ್ಕೇ ನನ್ನ ಮಾತು ನಂಬಬೇಡಿ. ನನ್ನ ಟಿಪ್ಪಣಿ ತೋರಿಸ್ದೆ ಬೇರೆಯವರ ಕೈಲಿ ಓದಿಸಿ."

ಓದಿದವನು ಎದುರು ಮೇಜಿನವನು, ಅವಳನ್ನು ಕಂಡರಾಗದವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಹಾಗೆ ಎರಡೆರಡು ಸಲ ಓದಿದ. ಗುರುವಾರ ಸಂಜೆ ತಾನೇ ಎದ್ದು ಹೋಗಿ ಮೂರು ಚುಕ್ಕೆ ಕಿತ್ತ. "ಈ ಸಾಲೂ ನೋಡಿ," ಎಂದು ಹಾಳೆಯನ್ನು ಅವಳ ಮುಂದಿಟ್ಟ. ಅನಾರೋಗ್ಯದಿಂದ ಕೆಲಸ ಬಿಟ್ಟವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಉಳಿದ ಒಂದು ಚುಕ್ಕೆಯ ಕೆಳಗೆ ಇಬ್ಬರೂ ಬರೆದು ಸಹಿ ಹಾಕಿದರು: ಸಾಕ್ಷ್ಯ ಸಾಲದು; ಕೆಲಸ ಬಿಟ್ಟವರನ್ನು ಯಾರೂ ಕೇಳಿಲ್ಲ.

ಶುಕ್ರವಾರ ಫ್ಯಾನ್ ಬೇಡವೆನ್ನಲು ಸಮಿತಿಗೆ ಬಾಯಿ ಬರಲಿಲ್ಲ. ಕೆಲಸ ಬಿಟ್ಟವರನ್ನೂ ಸೇರಿಸಿ ಹೊಸ ಅಧ್ಯಯನ ಮಾಡಿಸಿ ಎಂದಿತು.

ಮರುದಿನ ಬೆಳಿಗ್ಗೆ ಗುಂಡಿ ಹಾಕಿಸಿಕೊಳ್ಳುತ್ತ ಅಕ್ಕ ಕೇಳಿದಳು, "ಅಂಟಿನಿಂದಲೇ ಹೀಗಾಯ್ತು ಅಂತ ಬರೆದ್ಯಾ?"

"ಇಲ್ಲಕ್ಕ. ಇನ್ನೂ ಗೊತ್ತಿಲ್ಲ ಅಂತ ಬರೆದೆ. ನಿನ್ನಂಥೋರನ್ನ ಯಾರೂ ಕೇಳೇ ಇಲ್ಲ. ಇನ್ಮೇಲೆ ಕೇಳೋಕೆ ಬರ್ತಾರೆ."

ಅಕ್ಕ ಜೋಮು ಹಿಡಿದ ಬೆರಳುಗಳನ್ನು ಮಡಚಿದಳು.

"ನನ್ನ ಹಾಗೆ ಕೆಲಸ ಬಿಟ್ಟೋರ ಮನೆಗಳೆಲ್ಲ ನಂಗೊತ್ತು ಕಣೆ. ಕೇಳೋಕೆ ಬರೋರನ್ನ ನಾನೇ ಕರ್ಕೊಂಡು ಹೋಗ್ತೀನಿ. ಬಾಗಿಲು ಬಡಿಯೋಕೆ ಬೆರಳು ಯಾಕೆ ಬೇಕು? ಮುಷ್ಟಿ ಸಾಕು."