ಕೈ ಮೇಲಿನ ರಬ್ಬರ್

ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ಪಿಯಾನೋ ಟೀಚರಿಗೆ ಐವತ್ತೆಂಟು. ಇಪ್ಪತ್ತಾರು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಪಾಠ. ಅವರ ಹತ್ತಿರ ಕಲಿತ ಮಗು ಪರೀಕ್ಷೆಯಲ್ಲಿ ಫೇಲಾದದ್ದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ತೀರಿಹೋದ ಅಣ್ಣನ ಹೆಂಡತಿ ಜೊತೆಗಿದ್ದರು. ಪಾಠದ ಹೊತ್ತಿಗೆ ಅತ್ತಿಗೆ ಅಡುಗೆಮನೆ ಸೇರಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು.

ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಒಣಕಡ್ಡಿಯ ಹಾಗಾಗಿದ್ದವು. ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವಳಿಗೆ ಮೂವತ್ತೈದಿರಬಹುದು, ಮಾತು ಕಡಿಮೆ. ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿಸಿ ಒಂದೊಂದೇ ಬೆರಳು ಮಡಿಸುವಳು. "ನೋವಾಯ್ತಾ? ಹಾಗಾದ್ರೆ ಇವತ್ತಿಗೆ ಇಷ್ಟು ಸಾಕು. ನಾಳೆ ಇನ್ನೊಂಚೂರು ನೋಡೋಣ." ಹಿಸುಕುವ ಚೆಂಡು ಕೈಜಾರಿದರೆ ತಾನೇ ಬಗ್ಗಿ ಎತ್ತಿಕೊಡುವಳು.

ಆರನೇ ದಿನ ಟೀಚರಿಗೆ ತಾಳ್ಮೆ ಕೆಟ್ಟಿತು. "ಇಷ್ಟು ಮೆತ್ತಗಿದ್ರೆ ಆಗಲ್ಲ ಕಣಮ್ಮ. ನಾನು ಮಕ್ಕಳ ಕೈ ಮೇಲೆ ಅಳಿಸೋ ರಬ್ಬರ್ ಇಡ್ತೀನಿ. ನುಡಿಸೋವಾಗ ಅದು ಬಿತ್ತೋ, ಮತ್ತೆ ಮೊದಲಿಂದ. ಇವತ್ತಿನವರೆಗೂ ಒಬ್ಬರೂ ಫೇಲಾಗಿಲ್ಲ."

"ಗೊತ್ತು ಟೀಚರ್. ನಾಲ್ಕು ವರ್ಷ ನನ್ನ ಕೈ ಮೇಲೂ ಇತ್ತು."

ಟೀಚರ ಮುಖ ಅರಳಿತು. "ನೀನಾ? ನೆನಪಿದೆ, ನೆನಪಿದೆ. ಎರಡು ಜಡೆ ಹಾಕ್ಕೊಂಡು ಬರ್ತಿದ್ದೆ." ಬಾಯಿಗೆ ಬಂದದ್ದು ಹೇಳಿದ್ದರು ಅಷ್ಟೇ.

"ನಂದು ಬಾಯ್‌ಕಟ್ ಟೀಚರ್."

ಸುಳ್ಳು ಸಿಕ್ಕಿಬಿತ್ತು. ಮಾತು ತಿರುಗಿಸಲು, ಈಗಲೂ ನುಡಿಸ್ತೀಯಾ ಎಂದರು.

"ಇಲ್ಲ. ಕೊನೇ ಪರೀಕ್ಷೆ ಮುಗಿದ ದಿನವೇ ಪುಸ್ತಕ ಕಟ್ಟಿಟ್ಟೆ. ನನ್ನ ಜೊತೆ ಕಲಿತವರು ಯಾರೂ ನುಡಿಸಲ್ಲ. ಸಿಕ್ಕಾಗ ನಗ್ತೀವಿ, ರಬ್ಬರ್ ಟೀಚರ್ ಅಂತ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಮುಂದಿನ ಬೆರಳಿಗೆ ಬಂದು ಅವಳೇ ಹೇಳಿದಳು: "ಎಲ್ಲಾದ್ರೂ ಪಿಯಾನೋ ಕೇಳಿಸಿದ್ರೆ ಈಗಲೂ ನನ್ನ ಹೆಗಲು ತಾನಾಗೇ ಮೇಲಕ್ಕೆ ಹೋಗುತ್ತೆ."

ಸಿಟ್ಟಿನಿಂದ ಹೇಳಿದ್ದರೆ ಟೀಚರು ಎದುರು ಮಾತಾಡುತ್ತಿದ್ದರು. ಅವಳು ಯಾರದೋ ಮೊಣಕಾಲು ನೋವಿನ ಸಂಗತಿ ಹೇಳುವಂತೆ ಹೇಳಿದಳು, ಹೇಳುತ್ತಲೇ ಇವರ ಹೆಬ್ಬೆರಳನ್ನು ಮೆಲ್ಲಗೆ ತೀಡುತ್ತಿದ್ದಳು. ಕೈ ಹಿಂದಕ್ಕೆಳೆದುಕೊಳ್ಳುವ ಹಾಗೂ ಇಲ್ಲ. ಟೀಚರು ತಲೆ ತಗ್ಗಿಸಿ ನೆಲದ ಟೈಲ್ಸು ನೋಡುತ್ತ ಕೂತರು.

ಮನೆಗೆ ಬಂದು ಅತ್ತಿಗೆಯನ್ನು ಕೇಳಿದರು, "ನನ್ನನ್ನ ರಬ್ಬರ್ ಟೀಚರ್ ಅಂತಾರಂತೆ, ನಿಮಗೆ ಗೊತ್ತಿತ್ತಾ?"

"ಊರಿಗೆಲ್ಲ ಗೊತ್ತು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?"

ಮುಂದಿನ ವಾರ ಪಾಠ ಮತ್ತೆ ಶುರುವಾಯಿತು. ಮೊದಲ ದಿನ ಎಂಟು ವರ್ಷದ ಹುಡುಗಿಯೊಬ್ಬಳು ಬೇಗ ಬಂದಿದ್ದಳು. ಟೀಚರು ಹಜಾರದಲ್ಲಿದ್ದಾಗ ಕೋಣೆಯಿಂದ ಒಂದು ರಾಗ ಕೇಳಿಸಿತು. ಕಸದ ಗಾಡಿ ಹಿಂದಕ್ಕೆ ಬರುವಾಗ ಹಾಡುತ್ತದಲ್ಲ, ಅದೇ. ಹುಡುಗಿ ಅದನ್ನು ಒಂದು ಬೆರಳಲ್ಲಿ ಹುಡುಕುತ್ತಿದ್ದಳು, ತಪ್ಪಿದಾಗ ಕಿಸಕ್ಕನೆ ನಗುತ್ತಿದ್ದಳು. ಟೀಚರು ಒಳಗೆ ಕಾಲಿಟ್ಟದ್ದೇ ತಡ, ನಗುವೂ ನಿಂತಿತು, ಕೈಗಳು ತೊಡೆ ಸೇರಿದವು.

"ನುಡಿಸು ಪುಟ್ಟಿ, ಚೆನ್ನಾಗಿತ್ತು."

ಹುಡುಗಿ ನಂಬಲಿಲ್ಲ. "ಸಾರಿ ಟೀಚರ್. ಇನ್ಮೇಲೆ ಮಾಡಲ್ಲ." ಹೇಳಿ, ಯಾರೂ ಕೇಳದೆಯೇ ಡಬ್ಬಿಯಿಂದ ರಬ್ಬರ್ ತೆಗೆದು ತನ್ನ ಪುಟ್ಟ ಕೈ ಮೇಲೆ ತಾನೇ ಇಟ್ಟುಕೊಂಡಳು.

ಟೀಚರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರಬ್ಬರ್ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಏನು ಮಾಡಬೇಕೆಂದು ಅವರಿಗೇ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಕಲಿಸಿದವರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಚಿಕಿತ್ಸೆಯ ಕೊನೆಯ ದಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ ಮಾತನ್ನು ಟೀಚರು ಅವಳಿಗೆ ಹೇಳಿದರು. "ನನ್ನಿಂದ ತಪ್ಪಾಯ್ತು ಕಣಮ್ಮ. ನಿನ್ನ ಮುಖ ಕೂಡ ನನಗೆ ನೆನಪಿರಲಿಲ್ಲ."

"ಇರಲಿ ಬಿಡಿ ಟೀಚರ್," ಎಂದಳು ಅವಳು. ಕ್ಷಮಿಸಿದಳೋ, ಮಾತು ಮುಗಿಸಿದಳೋ ತಿಳಿಯಲಿಲ್ಲ. ಚೀಟಿಗೆ ಸಹಿ ಹಾಕುತ್ತ, "ನನ್ನ ಮಗಳಿಗೆ ಪಿಯಾನೋ ಅಂದ್ರೆ ಪ್ರಾಣ. ಸೇರಿಸೋಕೆ ನನಗೇ ಹೆದರಿಕೆ," ಎಂದಳು.

ನನ್ನ ಹತ್ತಿರ ಕಳಿಸು ಎನ್ನಲು ಟೀಚರಿಗೆ ನಾಲಿಗೆ ಹೊರಳಲಿಲ್ಲ. ಊರಿನ ಇನ್ನೊಬ್ಬ ಪಿಯಾನೋ ಮೇಷ್ಟ್ರ ವಿಳಾಸ ಬರೆದುಕೊಟ್ಟರು.

ಅವಳು ಓದಿ ತಲೆ ಎತ್ತಿದಳು. "ಮಕ್ಕಳನ್ನ ಬರೀ ಆಟ ಆಡಿಸ್ತಾರೆ, ಆಟದ ಮೇಷ್ಟ್ರು ಅಂತ ನೀವು ಆಡ್ಕೊಂಡು ನಗ್ತಿದ್ರಲ್ಲ, ಅವರೇ ಅಲ್ವಾ?"

"ಹೌದು, ನಗ್ತಿದ್ದೆ. ಅವರ ಹತ್ತಿರ ಕಲಿತೋರು ತಲೆ ನರೆತ ಮೇಲೂ ನುಡಿಸ್ತಾರೆ."

ಮರುವಾರ ಟೀಚರು ತಾವೂ ಆ ಬೀದಿ ಹುಡುಕಿಕೊಂಡು ಹೋದರು. ಬಾಗಿಲು ತೆಗೆದ ಮೇಷ್ಟ್ರು ಗುರುತು ಹಿಡಿದರು. "ಏನ್ ಮೇಡಂ, ಅಪರೂಪ?"

"ಒಂದು ಪಾಠ ನೋಡ್ಕೊಂಡು ಹೋಗ್ಲಾ?"

ಅವರು ಏಕೆಂದು ಕೇಳದೆ ಮೂಲೆಗೆ ಒಂದು ಸ್ಟೂಲು ಹಾಕಿದರು. ಕಲಿಯುತ್ತಿದ್ದ ಹುಡುಗಿ ಒಂದೇ ಸ್ವರವನ್ನು ಮೂರು ಸಲ ತಪ್ಪಿದಳು. ಟೀಚರ ನಾಲಿಗೆ ತುದಿಗೆ "ತಪ್ಪು" ಬಂದೇಬಿಟ್ಟಿತ್ತು, ಹಲ್ಲು ಕಚ್ಚಿ ನುಂಗಿದರು. ಮೇಷ್ಟ್ರು ಸುಮ್ಮನೆ ಕೇಳುತ್ತಿದ್ದರು. ನಾಲ್ಕನೆಯ ಸಲ ಹುಡುಗಿ ತಾನೇ ಮುಖ ಕಿವುಚಿ, ಪಕ್ಕದ ಕೀ ಒತ್ತಿ, "ಹಾಂ, ಇದು," ಎಂದು ಮುಂದೆ ಹೋದಳು.

ಪಾಠ ಮುಗಿದ ಮೇಲೆ ಮೇಷ್ಟ್ರು ಹೇಗನ್ನಿಸಿತು ಎಂದು ಕೇಳಿದರು. ಟೀಚರಿಗೆ ಅವರ ಮುಖ ನೋಡಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ, ನಾಳೆಯೂ ಬರಬಹುದೇ ಎಂದಷ್ಟೇ ಕೇಳಿದರು.