ಹೀರೋನ ಬದಲಿಗೆ ಹುಟ್ಟು ಹಾಕಿದವನು

ಕಳೆದ ವಾರ ನಮ್ಮ ಕಚೇರಿಯ ಎದುರಿನ ಗೋಡೆಗೆ ಇಬ್ಬರು ಪೋಸ್ಟರ್ ಹಚ್ಚುತ್ತಿದ್ದರು. ಬಕೆಟ್ಟಿನಲ್ಲಿ ಮೈದಾ ಗೋಂದು. ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತು ಹಾಕಿ ಕುದಿಸಿದ್ದು. ಆ ಹುಳಿ ವಾಸನೆ ಕಿಟಕಿಯೊಳಗೆ ಬಂದದ್ದೇ, ಹೊನ್ನಾವರದ ನಮ್ಮ ಪಕ್ಕದ ಮನೆಯ ಅಂಗಳ ನೆನಪಾಯಿತು. ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಇಂಥದೇ ಗೋಂದು ಕಾಯಿಸುತ್ತಿದ್ದ ಪ್ರಚಾರದಣ್ಣ...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಳೆ ಮುಗಿದ ಮೇಲೆ ಊರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಪೋಸ್ಟರ್ ಹಚ್ಚುವುದು, ಬಾಡಿಗೆ ಕಾರಿಗೆ ಮೈಕು ಕಟ್ಟಿ ಊರೂರು ಸುತ್ತಿ ಕೂಗುವುದು ಅವನ ಕೆಲಸ. ಹೆಸರು, ಆಟದ ಹೊತ್ತು ಇಷ್ಟಕ್ಕೇ ಅವನು ನಿಲ್ಲಿಸುತ್ತಿರಲಿಲ್ಲ. ಹೀರೋಗೆ ಕುಮಟೆಯ ಸಿಹಿ ಈರುಳ್ಳಿಯೇ ಆಗಬೇಕಂತೆ, ಮದ್ರಾಸಿಗೆ ಗೊಂಚಲು ಗೊಂಚಲು ಹೋಗುತ್ತದಂತೆ. ಖಳನಾಯಕನಿಗೆ ಬೆಕ್ಕು ಕಂಡರೆ ಮೈ ನಡುಕವಂತೆ. ಹೀರೋಯಿನ್ ಯಾಣದ ಬಂಡೆಯ ಕೆಳಗೆ ಜೇನುನೊಣ ಕಚ್ಚಿಸಿಕೊಂಡು ಮೂತಿ ಊದಿಸಿಕೊಂಡಿದ್ದಳಂತೆ. ಎಲ್ಲವೂ ಅವನೇ ಕಟ್ಟಿದ್ದು.

ಚಾದಂಗಡಿಯಲ್ಲಿ ಅವನನ್ನು ಬಿಡುತ್ತಿರಲಿಲ್ಲ. "ಎಂತದಾ, ಹೀರೋಯಿನ್ ನಿನ್ನ ಮನೆಗೇ ಬಂದು ಹೇಳಿ ಹೋದ್ಲನಾ?"

"ಬಂದಿದ್ಲು ಮಾರಾಯಾ. ನಿನ್ನ ಕೇಳಿದ್ಲು, ನೀನೇ ಇರ್ಲಿಲ್ಲ."

ನಾನು ಆಗಷ್ಟೇ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸಲು ಶುರು ಮಾಡಿದ್ದೆ. ಯಾರು ಹೇಳಿದ್ದು ಎಂದು ಕೇಳುವ ಚಟ ಆಗಲೇ ಅಂಟಿತ್ತು. ಅವನನ್ನೂ ಕೇಳಿದರೆ, "ನಿಂದು ಪೇಪರು, ನಂದು ಮೈಕು. ಪೇಪರು ನಂಬೂಕೆ, ಮೈಕು ಕೇಳೂಕೆ" ಎನ್ನುತ್ತಿದ್ದ.

ಆ ವರ್ಷ ಬೇಸಿಗೆಯ ಕೊನೆಗೆ ಬಂದ ಸಿನಿಮಾಕ್ಕೆ ಜನವೇ ಇಲ್ಲ. ಅದರಲ್ಲೊಂದು ಬಿರುಗಾಳಿಯ ದೃಶ್ಯ. ಹೀರೋ ಒಬ್ಬನೇ ದೋಣಿ ನಡೆಸುತ್ತಾನೆ, ದೂರದಿಂದ ಬೆನ್ನು ಮಾತ್ರ ಕಾಣುತ್ತದೆ. ಪ್ರಚಾರದಣ್ಣ ಮೈಕಿನಲ್ಲಿ ಕೂಗಿದ: ಹೀರೋಗೆ ಈಜು ಬರುವುದಿಲ್ಲ, ಅವನ ಬದಲಿಗೆ ಹುಟ್ಟು ಹಾಕಿದವನು ನಮ್ಮ ಕರಾವಳಿಯ ಹುಡುಗ, ಬಂದು ಗುರುತು ಹಿಡಿಯಿರಿ! ಮಾರನೆಯ ಸಂಜೆ ಟೆಂಟ್ ತುಂಬಿತು.

ಬಂದವರಲ್ಲಿ ಹೊಳೆಯಾಚೆಯ ಕಾಸರಕೋಡಿನಿಂದ ಮೀನು ಮಾರಲು ಬರುತ್ತಿದ್ದ ಒಬ್ಬಾಕೆ ಇದ್ದಳು, ಜೊತೆಗೆ ಸೊಸೆ. ಹಿಂದಿನ ಮಳೆಗಾಲದ ಮೊದಲು ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಆಕೆಯ ಮಗ ಹೋಗಿದ್ದ. ಜೊತೆಯವರ ಹೆಣ ಸಿಕ್ಕಿತ್ತು, ಅವನದು ಸಿಕ್ಕಿರಲಿಲ್ಲ. ಆ ಸುದ್ದಿ ಬರೆದವನು ನಾನೇ. ಹೆಣ ಸಿಗದವರಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸುತ್ತಾರೆ. ವರ್ಷ ತುಂಬುವ ಹೊತ್ತಿಗೆ ತಾಯಿಯೂ ಒಪ್ಪಿದ್ದಳು, ದಿನವೂ ನಿಶ್ಚಯವಾಗಿತ್ತು. ಅದಾದ ಮೇಲೆ ಸೊಸೆಯನ್ನು ಮಿರ್ಜಾನದ ತವರಿಗೆ ಕರೆದೊಯ್ದು ಇನ್ನೊಂದು ಮದುವೆ ಮಾಡುವುದೆಂದು ಅವಳ ಅಣ್ಣ ಮಾತನಾಡಿಕೊಂಡು ಹೋಗಿದ್ದ. ಹುಡುಗಿಗೆ ಇಪ್ಪತ್ತೂ ಆಗಿರಲಿಲ್ಲ.

ದೋಣಿಯ ದೃಶ್ಯ ಬಂದಾಗ ಆಕೆ ಎದ್ದು ನಿಂತು ಮಗನ ಹೆಸರು ಹಿಡಿದು ಕೂಗಿದಳು. ಜನ ನಕ್ಕರು.

ಬೆಳಿಗ್ಗೆ ಮೀನಿನ ಬುಟ್ಟಿಯ ಸಮೇತ ಪ್ರಚಾರದಣ್ಣನ ಅಂಗಳದಲ್ಲಿದ್ದಳು. "ತಮ್ಮಾ, ಅಂವ ಈಗ ಎಲ್ಲಿದ್ದಾ?"

ಅವನ ಕೈಯ ಸೌಟು ಗೋಂದಿನಲ್ಲೇ ನಿಂತಿತು. "ಅಕ್ಕಾ, ಅದು ನಾ ಬಾಯಿಗೆ ಬಂದದ್ದು ಹೇಳಿದ್ದು. ಯಾರು ಅಂತ ನಂಗೆ ಗೊತ್ತಿಲ್ಲ."

"ಎಡಗಾಲು ಅಡ್ಡಹಲಗೆಗೆ ಕೊಟ್ಟು ನಿಂತಿದ್ದಾ. ಅವನಪ್ಪ ಕಲಿಸಿದ್ದು ಅದು. ಸುಳ್ಳಾದ್ರೆ ಊರಿಗೆಲ್ಲ ಕೇಳೂ ಹಾಂಗೆ ಕೂಗ್ತ್ಯಾ ನೀನು?"

ನಿಶ್ಚಯವಾಗಿದ್ದ ದಿನ ಬಂದು ಹೋಯಿತು, ಕ್ರಿಯೆ ನಡೆಯಲಿಲ್ಲ. ಪ್ರಚಾರದಣ್ಣ ನನ್ನನ್ನು ಎಳೆದುಕೊಂಡು ಹೊಳೆ ದಾಟಿದ. "ನೀನು ಪೇಪರಿನವ. ನಿನ್ನ ಮಾತಾದ್ರೂ ನಂಬ್ತದೆ ಅದು."

ದೋಣಿಯಲ್ಲಿದ್ದವರು ಯಾರೂ ಉಳಿಯಲಿಲ್ಲವೆಂದು ನಾನು ವಿಚಾರಿಸಿ ತಿಳಿದಷ್ಟನ್ನೂ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ಒಣಮೀನು ಮಗುಚಿ ಹಾಕುತ್ತಲೇ ಕೇಳಿದಳು.

"ಪೇಪರಿನಲ್ಲಿ ಎಂತ ಬರೆದಿದ್ರಿ ನೀವು? ಕಾಣೆ ಅಂತ ಅಲ್ದಾ? ಸತ್ತ ಅಂತ ಬರೀಲಿಲ್ಲ ಅಲ್ದಾ?"

ಹೆಣ ಕಾಣದೆ ಸತ್ತನೆಂದು ಬರೆಯುವ ಹಾಗಿರಲಿಲ್ಲ. ಬರೆದದ್ದು ಸರಿಯಾಗಿಯೇ ಇತ್ತು. ಬಾಗಿಲ ಸಂದಿಯಲ್ಲಿ ಸೊಸೆ ನಿಂತಿದ್ದಳು. ಹಸಿರು ಬಳೆಯ ಕೈಯೊಂದೇ ಕಾಣುತ್ತಿತ್ತು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಸಿನಿಮಾದ ರೀಲಿನ ಪೆಟ್ಟಿಗೆ ಭಟ್ಕಳಕ್ಕೆ ಹೋಯಿತು. ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಹೋಗಿ ನೋಡಿ ಬಂದರು. ಕುಮಟೆಗೆ ಬಂದಾಗ ಅಲ್ಲಿಗೂ ಹೋದರು. ಆಮೇಲೆ ಪೆಟ್ಟಿಗೆ ಘಟ್ಟ ಹತ್ತಿತು, ಎಲ್ಲಿಗೆಂದು ತಿಳಿಯಲಿಲ್ಲ. ಮಿರ್ಜಾನದ ಅಣ್ಣ ಎರಡು ಸಲ ಬಂದ. ಗಂಡ ಬದುಕಿದ್ದಾನೆಂದು ಅತ್ತೆ ಹೇಳುವಾಗ ಬೇರೆ ಮದುವೆಗೆ ಯಾರು ಒಪ್ಪುತ್ತಾರೆ? ಮೂರನೆಯ ಸಲ ಅವನು ಬರಲಿಲ್ಲ.

ಮುಂದಿನ ಹಂಗಾಮಿನಲ್ಲಿ ಪ್ರಚಾರದಣ್ಣ ಮೈಕಿನಲ್ಲಿ ಸಿನಿಮಾದ ಹೆಸರು ಹೇಳಿದ, ಆಟದ ಹೊತ್ತು ಹೇಳಿದ, ಸುಮ್ಮನಾದ. ಟೆಂಟಿನ ಮಾಲಕ ಮೈಕು ಬೇರೆಯವನ ಕೈಗೆ ಕೊಟ್ಟ. ಇವನಿಗೆ ಗೋಂದಿನ ಬಕೆಟ್ಟು ಉಳಿಯಿತು. ಪೇಟೆಯಲ್ಲಿ ಆ ಹುಡುಗಿ ಬುಟ್ಟಿ ಹೊತ್ತು ಬರುವುದು ಕಂಡರೆ, ಅರ್ಧ ಹಚ್ಚಿದ ಪೋಸ್ಟರು ಹಾಗೆಯೇ ಬಿಟ್ಟು ಸಂದಿಗೆ ಸರಿಯುತ್ತಿದ್ದ. ಎಂಬತ್ತರ ದಶಕದ ನಡುವೆ ಒಂದು ಮಳೆಗಾಲ ಜ್ವರದಲ್ಲಿ ತೀರಿಕೊಂಡ. ಅದು ಪತ್ರಿಕೆಗೆ ಹೋಗುವಂಥ ಸುದ್ದಿಯಾಗಿರಲಿಲ್ಲ...

ಈಗಲೂ ನನ್ನ ಮೇಜಿಗೆ ದಿನವೂ ಸಿನಿಮಾದವರ ಸಂಗತಿಗಳು ಬರುತ್ತವೆ. ಯಾರು ಹೇಳಿದ್ದು ಎಂದು ಕೇಳುತ್ತೇನೆ. ತಿರುಗಿ ಉತ್ತರ ಹೇಳಲು ಪ್ರಚಾರದಣ್ಣ ಇಲ್ಲ.

ಗೋಂದಿನ ವಾಸನೆ ಬಂದ ಆ ವಾರವೇ ಊರಿಗೆ ಹೋಗಿದ್ದೆ. ಹೊನ್ನಾವರದ ಮೀನುಪೇಟೆಯಲ್ಲಿ ಕಾಸರಕೋಡಿನ ಆ ಸೊಸೆ ಕೂತಿದ್ದಳು. ತಲೆ ಪೂರ್ತಿ ಬಿಳಿ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತೆಂದು ಪಕ್ಕದವಳು ಹೇಳಿದಳು. ಬಂಗಡೆ ತೆಗೆದುಕೊಡಲು ಅವಳು ಕೈ ಚಾಚಿದಾಗ ನೋಡಿದೆ. ಹಸಿರು ಬಳೆ ಇನ್ನೂ ಇತ್ತು.